ಖಾಲಿ ಮನೆಗೊಂದು ದೀಪ

ನಾನು ಇಟ್ಟೂಪ್. ಕುನ್ನಂಕುಳಂನಲ್ಲಿ ನೋಟುಪುಸ್ತಕ ಹೊಲಿಯುವ ಅಂಗಡಿ ಇಟ್ಟು ಮೂವತ್ತೆರಡು ವರ್ಷವಾಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರು ಹೇಳುತ್ತದೆ. ಊರು ಹೇಳುವುದೆಲ್ಲ ಸುಳ್ಳಲ್ಲ. ಆದರೆ ಇಟ್ಟೂಪ್ ಬರೆದಿಟ್ಟದ್ದರಲ್ಲಿ ಸುಳ್ಳಿದೆ ಎಂದು ಮಾತ್ರ ಇವತ್ತಿನವರೆಗೆ ಯಾರೂ ಹೇಳಿಲ್ಲ. ಅಂಥ ಸುಳ್ಳು ಒಂದು ಇದೆ. ಅದನ್ನೇ ಹೇಳಲು ಕೂತಿದ್ದೇನೆ.

ನಮ್ಮ ಸ್ವತಂತ್ರ ತಂತ್ರಾಂಶ ಕೂಟ ಶುರುವಾಗಿ ಇಪ್ಪತ್ತೊಂದು ವರ್ಷ. ಆಗ ರಟ್ಟಿನ ಮೇಲೆ ಚಿತ್ರ ಮಾಡಲು ಅಂಗಡಿಗೆ ಒಂದು ಹಳೇ ಕಂಪ್ಯೂಟರ್ ತಂದಿದ್ದೆ. ಅದರೊಳಗಿದ್ದದ್ದು ಕದ್ದ ತಂತ್ರಾಂಶ ಎಂದು ವೇಲುಕುಟ್ಟಿ ಮಾಷ್ ಗಿರಾಕಿಗಳ ಎದುರಿಗೇ ಹೇಳಿಬಿಟ್ಟರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು, ಎದುರು ಮಾತಾಡುವ ಹಾಗಿಲ್ಲ. "ಯಾಕೋ ಕದೀತೀಯ? ಕೇಳಿದ್ರೆ ಕೈಯೆತ್ತಿ ಕೊಡೋರಿದ್ದಾರೆ" ಎಂದು ಒಂದು ಸಿಡಿ ಕೊಟ್ಟರು. ಅಂದಿನಿಂದ ಅವರು ಕೂಟದ ಅಧ್ಯಕ್ಷರು, ನಾನು ಕಾರ್ಯದರ್ಶಿ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ವಾಚನಾಲಯದ ಮಹಡಿಯಲ್ಲಿ ಸಭೆ. ಕಂಪ್ಯೂಟರಿನ ಸಭೆಯಾದರೇನು, ಸ್ವಾಗತ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಯಾವುದೂ ತಪ್ಪುವ ಹಾಗಿಲ್ಲ.

ನನ್ನ ಕೆಲಸ ವರದಿ. ಚಹಾದ ಲೋಟ ಒಣಗುವ ಮೊದಲೇ ಅದು ನಮ್ಮ ಅಂತರ್ಜಾಲದ ಪುಟಕ್ಕೆ ಏರುತ್ತದೆ: ಯಾರು ಬಂದರು, ಯಾವ ಊರವರು, ಯಾರು ಏನು ಕೇಳಿದರು, ಎಷ್ಟು ಚಹಾ ಹೋಯಿತು, ಜೊತೆಗೊಂದು ಗುಂಪಿನ ಫೋಟೋ. ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು. ಹಾಜರಿ ಪುಸ್ತಕವಂತೂ ನಾನೇ ಹೊಲಿದದ್ದು, ಬಟ್ಟೆಯ ರಟ್ಟು, ಪುಟಸಂಖ್ಯೆ ಅಚ್ಚು ಹಾಕಿದ್ದು. 'ಹಾಜರಿ ಪುಸ್ತಕವನ್ನು ಯಾರು ಬೇಕಾದರೂ, ಯಾವ ದಿನ ಬೇಕಾದರೂ ಬಂದು ನೋಡಬಹುದು' ಎಂದು ಪ್ರತಿ ವರದಿಯ ಕೆಳಗೆ ನನ್ನ ಅಂಗಡಿಯ ವಿಳಾಸ ಇರುತ್ತದೆ. ಮೊದಲ ವರ್ಷವೇ ಯಾರೋ ಒಬ್ಬರ ವಿರೋಧದ ಮಾತನ್ನು ವರದಿಯಿಂದ ಅಳಿಸಿ ದೊಡ್ಡ ಜಗಳವಾಗಿತ್ತು. ಆಗ ಮಾಷ್ ಮೇಜು ಗುದ್ದಿ ನಿಯಮ ಮಾಡಿದರು. ಬರೆದದ್ದನ್ನು ಅಳಿಸಕೂಡದು. ತಪ್ಪಿದ್ದರೆ ಕೆಳಗೆ 'ತಿದ್ದುಪಡಿ' ಎಂದು ಹಾಕಿ, ಅಧ್ಯಕ್ಷರ ಸಹಿ ಪಡೆದು, ಎಲ್ಲರಿಗೂ ಕಾಣುವಂತೆ ಬರೆಯಬೇಕು. ಯಾರೂ ಕಳ್ಳತನದಲ್ಲಿ ತಿದ್ದಬಾರದು ಎಂದು ಕಲ್ಲಿಕೋಟೆಯ ಕೂಟ, ಕೊಚ್ಚಿಯ ಕೂಟ ನಮ್ಮ ಪುಟಗಳ ನಕಲನ್ನು ದಿನಾ ತಾವಾಗಿಯೇ ಎತ್ತಿಟ್ಟುಕೊಳ್ಳುತ್ತವೆ. ಇಷ್ಟೆಲ್ಲ ನಮ್ಮ ಹೆಮ್ಮೆ. ನನ್ನ ಹೆಮ್ಮೆ ಎಂದೇ ಹೇಳಿ.

ನವೆಂಬರಿನ ಸಭೆಯ ವಿಷಯ 'ಮನೆಯ ನೆಟ್‌ವರ್ಕಿಗೆ ಬೀಗ'. ಹೇಳಿಕೊಡುವವಳು ಸುಹರಾ. ಮನೆಮನೆಗೆ ಇಂಟರ್ನೆಟ್ ಲೈನ್ ಎಳೆಯುವ ಕಚೇರಿಯಲ್ಲಿ ಕೆಲಸ, ಕೂಟಕ್ಕೆ ಸೇರಿ ಆರು ವರ್ಷ, ನಾಲಿಗೆ ಹರಿತ. ನನ್ನ ಮಗಳ ವಯಸ್ಸಿನವಳು, ಚೇಟ್ಟ, ಅಂದರೆ ಅಣ್ಣ, ಎಂದೇ ಕರೆಯುತ್ತಾಳೆ, ಆದರೆ ನನಗೆ ಒಂದು ಚೂರೂ ಹೆದರುವುದಿಲ್ಲ.

ಸ್ವಾಗತ ಭಾಷಣ ನಡೆಯುತ್ತಿದ್ದಾಗ ಒಬ್ಬ ಹೊಸ ಹೆಂಗಸು ಬಂದು ಕೊನೆಯ ಬೆಂಚಿನ ತುದಿಗೆ ಕೂತಳು. ಮೂವತ್ತೈದರ ಆಸುಪಾಸು. ತೋಳಿಗೆ ಅಂಟಿದ ನೂಲಿನ ಎಳೆ ನೋಡಿದರೇ ಹೊಲಿಗೆಯವಳು ಎಂದು ನನ್ನಂಥವನಿಗೆ ತಿಳಿಯುತ್ತದೆ. ಹಾಜರಿ ಪುಸ್ತಕ ಒಯ್ದು ಮುಂದೆ ಹಿಡಿದೆ.

"ಸುಮ್ನೆ ಕೇಳಿ ಹೋಗೋಣ ಅಂತ ಬಂದೆ, ಚೇಟ್ಟ. ಬರೀಲೇಬೇಕಾ?"

"ಬರೀಲೇಬೇಕು. ಇಪ್ಪತ್ತೊಂದು ವರ್ಷದಲ್ಲಿ ಹೆಸರು ಬರೀದೆ ಇಲ್ಲಿ ಒಂದು ಕಾಗೆನೂ ಬಂದು ಕೂತಿಲ್ಲ."

ಮುಂದಿನ ಬೆಂಚಿನವರು ತಿರುಗಿ ನಕ್ಕರು. ಅವಳ ಮುಖ ಕೆಂಪಾಯಿತು. ನಾನಾದರೂ ಅಲ್ಲಿಂದ ಸರಿದೆನೇ? ಇಲ್ಲ, ಪೆನ್ನು ಹಿಡಿಸಿ ತಲೆಯ ಮೇಲೇ ನಿಂತೆ. ಅವಳ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಪೆನ್ನನ್ನು ಹೆಬ್ಬೆರಳಿಗೂ ಕಿರುಬೆರಳಿಗೂ ಸಿಕ್ಕಿಸಿಕೊಂಡು ಬರೆದಳು. ಹೆಸರು: ಜಲಜ. ಊರು: ಮಣ್ಣಾರ್ಕಾಡ್. ಈಗಿರುವ ಜಾಗ: ಹಳೆ ಮಾರುಕಟ್ಟೆ, ಕುನ್ನಂಕುಳಂ.

ಸುಹರಾ ಮಾತು ಶುರು ಮಾಡಿದ್ದೇ ಪರೀಕ್ಷೆಯಿಂದ. "ಮನೆಯ ರೂಟರ್ ಬಂದಾಗ ಅದರ ಮೇಲಿದ್ದ ಪಾಸ್‌ವರ್ಡ್ ಬದಲಾಯಿಸಿದೋರು ಕೈ ಎತ್ತಿ."

ಇಪ್ಪತ್ತೊಂಬತ್ತು ಜನರಲ್ಲಿ ನಾಲ್ಕು ಕೈ ಎದ್ದವು. ಮಾಷ್ ಅವರದೂ ಇಲ್ಲ, ನನ್ನದೂ ಇಲ್ಲ.

"ಭೇಷ್! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಜಗತ್ತಿಗೆಲ್ಲ ಪಾಠ ಹೇಳೋ ಕೂಟ ಇದು."

"ನನ್ನ ಮನೇಲಿ ಕದಿಯೋಕೆ ಏನಿದೆ ಮಗಳೇ? ಎರಡು ಜೊತೆ ಮುಂಡು, ಒಂದು ಪಂಚಾಂಗ" ಎಂದರು ಮಾಷ್.

"ನಿಮ್ಮ ಮನೇಲಿ ಏನೂ ಇಲ್ಲ ಮಾಷ್. ಆದ್ರೆ ನಿಮ್ಮ ಮನೆ ಬಾಗಿಲಿಂದ ಹೊಕ್ಕು ಇನ್ನೊಬ್ರ ಮನೆಗೆ ಹೋಗ್ತಾರೆ. ನಮ್ಮ ಬಾಗಿಲು ನಮ್ಮೊಬ್ರದ್ದೇ ಅಲ್ಲ."

ಇದನ್ನು ನಾನು ವರದಿಗೆಂದು ಅಕ್ಷರಶಃ ಬರೆದುಕೊಂಡೆ, ಕೆಳಗೆ ಎರಡು ಗೆರೆಯನ್ನೂ ಎಳೆದೆ. ತಲೆಗೆ ಮಾತ್ರ ಹೋಗಲಿಲ್ಲ.

ಒಂದೂವರೆ ಗಂಟೆ ಹೇಳಿದಳು. ಯಾವ ಕಿಂಡಿ ಮುಚ್ಚಬೇಕು, ಮನೆಗೆ ಬಂದ ನೆಂಟರಿಗೆ ಬೇರೆ ವೈ-ಫೈ ಹೇಗೆ ಕೊಡಬೇಕು, ಹಳೇ ಫೋನ್ ಮಾರುವ ಮುಂಚೆ ಏನು ಮಾಡಬೇಕು. ಕೊನೆಗೆ ದೊಡ್ಡ ಕಚೇರಿಯವರ ಒಂದು ಉಪಾಯ ಹೇಳಿದಳು. "ಕಳ್ಳ ಬಂದೇ ಬರ್ತಾನೆ ಅಂತ ಗೊತ್ತಿದ್ರೆ ಏನ್ ಮಾಡ್ತಾರೆ ಗೊತ್ತಾ? ಒಂದು ಖಾಲಿ ಮನೆಗೆ ದೀಪ ಹಚ್ಚಿಡ್ತಾರೆ. ಒಳಗೆ ಏನೂ ಇಲ್ಲದ ಒಂದು ಕಂಪ್ಯೂಟರು, ಹೊರಗಿಂದ ನೋಡಿದ್ರೆ ತುಂಬಿದ ಮನೆ. ಕಳ್ಳ ಅಲ್ಲಿ ಹುಡುಕ್ತಾ ಕೂತಿರ್ತಾನೆ, ನಿಜವಾದ ಮನೆ ಕತ್ತಲಲ್ಲಿ ಸುಖವಾಗಿರತ್ತೆ."

ಪ್ರಶ್ನೆಗಳ ಹೊತ್ತು ಬಂತು. ಯಾವ ತಂತ್ರಾಂಶ ಮೇಲು ಎಂದು ನಮ್ಮವರು ಎಂದಿನಂತೆ ಅರ್ಧ ಗಂಟೆ ಕಚ್ಚಾಡಿದರು. ಆ ಗಲಾಟೆ ಇಳಿದ ಮೇಲೆ ಕೊನೆಯ ಬೆಂಚಿನಿಂದ ಜಲಜ ಎದ್ದು ನಿಂತಳು.

"ಒಬ್ರು ಊರು ಬಿಟ್ಟು ಬಂದಿದ್ದಾರೆ ಅಂತಿಟ್ಕೊಳ್ಳಿ. ಫೋನು ಬೇರೆ, ನಂಬರು ಬೇರೆ. ಆದ್ರೂ ಅವ್ರು ಎಲ್ಲಿದ್ದಾರೆ ಅಂತ ಮನೆಯವ್ರಿಗೆ ಗೊತ್ತಾಗ್ಬಿಡತ್ತೆ. ಎರಡು ಸಲ ಗೊತ್ತಾಯ್ತು. ಅದು ಹೇಗೆ?"

ಸುಹರಾ ವೇದಿಕೆಯಿಂದ ಇಳಿದು ಹೋಗಿ ಅವಳ ಪಕ್ಕದಲ್ಲಿ ಕೂತಳು. ಚಹಾದ ಹೊತ್ತಿನಲ್ಲಿ ಇಬ್ಬರೂ ಫೋನಿನ ಮೇಲೆ ತಲೆ ಬಗ್ಗಿಸಿ ಗುಸುಗುಸು ಮಾತಾಡಿದರು. ಮಾತೇನೆಂದು ಸುಹರಾ ನನಗೆ ಹೇಳಿದ್ದು ಮರುದಿನ: ಹೊಸ ಫೋನಿಗೂ ಜಲಜ ಹಳೆಯ ಖಾತೆಯನ್ನೇ ಹಾಕಿಕೊಂಡಿದ್ದಳಂತೆ, ಆ ಖಾತೆ ಮಾಡಿಕೊಟ್ಟವನು ಗಂಡ, ಅವಳು ಎಲ್ಲಿ ನಡೆದರೂ ಅವನ ಫೋನಿನ ನಕ್ಷೆಯಲ್ಲಿ ಕಾಣುತ್ತಿತ್ತಂತೆ. ಕುನ್ನಂಕುಳಂಗೆ ಬಂದ ಮೇಲೆ ಹೆದರಿ ಮೂರು ತಿಂಗಳಿಂದ ಆ ಫೋನನ್ನು ಹಚ್ಚಿಯೇ ಇರಲಿಲ್ಲ, ಅಲ್ಲೇ ಸುಹರಾಳ ಕೈಯಲ್ಲಿ ಸಿಮ್ಮೂ ಇಲ್ಲದೆ ಹಚ್ಚಿಸಿದಳು. ಸುಹರಾ ಎಲ್ಲವನ್ನೂ ಕಿತ್ತು ಹಾಕಿ ಹೊಸದಾಗಿ ಮಾಡಿಕೊಟ್ಟಳು. ಜಲಜಳ ಭುಜ ಇಳಿದದ್ದು ನನಗೆ ದೂರದಿಂದಲೇ ಕಂಡಿತು. ಎರಡನೇ ಪಳಂಪೊರಿ ಬಜ್ಜಿ ತೆಗೆದುಕೊಂಡು, "ಬಾಳೆಹಣ್ಣು ಚೆನ್ನಾಗಿ ಹಣ್ಣಾಗಿದೆ" ಎಂದು ನಕ್ಕಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಇದಕ್ಕಲ್ಲವೇ ಇಷ್ಟು ವರ್ಷ ಕೂಟ ನಡೆಸಿದ್ದು ಅನ್ನಿಸಿತು.

ಆ ಸಂತೋಷದಲ್ಲೇ ಕೆಡಿಸಿದೆ. ಫೋಟೋ ತೆಗೆಯುವಾಗ ಅವಳು ಮೆಟ್ಟಿಲ ಕಡೆ ಸರಿಯುತ್ತಿದ್ದಳು. "ಎಲ್ಲಿಗೆ ಎಲ್ಲಿಗೆ? ಬನ್ನಿ ಈ ಕಡೆ, ನಾಚ್ಕೊಳೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರನಾ?" ಎಂದು ಕರೆದು ಸಾಲಿನಲ್ಲಿ ನಿಲ್ಲಿಸಿದೆ. ಅವಳು ಮಾಷ್ ಅವರ ಭುಜದ ಹಿಂದೆ ಅರ್ಧ ಮುಖ ಮರೆಸಿಕೊಂಡಳು. ಸಂಜೆ ಆರಕ್ಕೆ ವರದಿ ಏರಿಸಿದೆ. 'ದಿನದ ಅತ್ಯುತ್ತಮ ಪ್ರಶ್ನೆ: ಜಲಜ (ಮಣ್ಣಾರ್ಕಾಡ್, ಈಗ ಕುನ್ನಂಕುಳಂ).' ಪ್ರಶ್ನೆಯನ್ನೂ ಪೂರ್ತಿ ಹಾಕಿದೆ.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದು ಅಂಟು ಕಲಸುತ್ತಿದ್ದೆ. ಸುಹರಾಳ ಸ್ಕೂಟರು ಬಾಗಿಲಿಗೇ ಬಂದು ನಿಂತಿತು.

"ಚೇಟ್ಟ, ನೀವು ಮನುಷ್ಯರಾ?"

"ಬೆಳ್‌ಬೆಳಿಗ್ಗೆ ಏನೇ ಅದು?"

"ನಿನ್ನೆ ಒಂದು ಗಂಟೆ ಕೂತು ಅವಳ ಫೋನಿನ ಒಂದೊಂದೇ ಕಿಂಡಿ ಮುಚ್ಚಿದೆ. ನೀವು ಅವಳ ಹೆಸರು, ಊರು, ಫೋಟೋ ಸಮೇತ ಪೇಟೆ ಗೋಡೆಗೆ ಅಂಟಿಸಿದ್ದೀರಿ. ತೆಗೀರಿ ಅದನ್ನ!"

ನನಗೆ ಪಿತ್ತ ನೆತ್ತಿಗೇರಿತು. "ತೆಗೆಯೋ ಪದ್ಧತಿ ಇಲ್ಲ, ನಿನಗೂ ಗೊತ್ತು. ಇಷ್ಟು ವರ್ಷ ಒಂದು ಅಕ್ಷರ ಅಳಿಸಿಲ್ಲ. ಅವಳೇ ಬರೆದ ಹೆಸರು, ಅವಳೇ ಕೇಳಿದ ಪ್ರಶ್ನೆ."

"ಅವಳೇ ಬರೆದ್ಲಾ? ತಲೆ ಮೇಲೆ ನಿಂತು ಬರೆಸಿದೋರು ಯಾರು?" ಅವಳ ದನಿ ಇಳಿಯಿತು. "ಆ ಬೆರಳು ನೋಡಿದ್ರಲ್ಲ. ಗಂಡ ಬಾಗಿಲ ಸಂದಿಗೆ ಅವಳ ಕೈ ಇಟ್ಟು ಬಾಗಿಲು ಹಾಕಿದ, ಚೇಟ್ಟ. ಯಾಕೆ ಗೊತ್ತಾ? ಹೇಳದೆ ಅಕ್ಕನಿಗೆ ಫೋನ್ ಮಾಡಿದ್ಲು ಅಂತ. ಅವನಿಗೆ ಮಣ್ಣಾರ್ಕಾಡಲ್ಲಿ ಮೊಬೈಲ್ ಅಂಗಡಿ. ಅವಳ ಹೆಸರು ಎಲ್ಲಿ ಕಂಡ್ರೂ ತಿಳಿಸು ಅಂತ ಇಂಟರ್ನೆಟ್ಟಿಗೆ ಹೇಳಿಟ್ಟಿದ್ದಾನೆ. ಹಿಂದಿನ ಊರಲ್ಲಿ ಅವನೇ ಅವಳಿಗೆ ಹೇಳಿದ್ದು, ಎಲ್ಲಿ ಬಚ್ಚಿಟ್ಕೊಂಡ್ರೂ ಸಿಗ್ತೀಯ ಅಂತ."

ಅಂಟಿನ ಡಬ್ಬಿ ನನ್ನ ಕೈಯಲ್ಲೇ ಇತ್ತು. ಎಲ್ಲಿ ಇಡಬೇಕು ಎಂದು ತಿಳಿಯಲಿಲ್ಲ. ಅಯ್ಯೋ ಕರ್ತನೇ, ಕಾಗೆನೂ ಕೂತಿಲ್ಲ ಎಂದು ಅವಳನ್ನು ನಗೆಪಾಟಲು ಮಾಡಿ ಬರೆಸಿದೆನಲ್ಲ.

"ನಂದೂ ತಪ್ಪಿದೆ" ಎಂದಳು ಸುಹರಾ. "ನೀವು ಫೋಟೋಗೆ ಕರೆದಾಗ ವೈರ್ ಸುತ್ತುತಾ ಇದ್ದೆ. ತಲೆ ಎತ್ತಿ ಬೇಡ ಅನ್ಬೇಕಿತ್ತು."

ನಮ್ಮ ಪುಟವನ್ನು ಯಾರು ಯಾವಾಗ ತೆರೆದರು ಎಂಬ ದಾಖಲೆ ನನ್ನ ಕಂಪ್ಯೂಟರಿನಲ್ಲೇ ಸಿಗುತ್ತದೆ. ಸುಹರಾ ಕೂತು ಗೆರೆಗೆರೆಯಾಗಿ ನೋಡಿದಳು. ನಲವತ್ತಾರು ಸಲ ತೆರೆದಿದ್ದರು, ಹೆಚ್ಚಿನವು ನಮ್ಮವರದೇ. ಒಂದರ ಹತ್ತಿರ ಅವಳ ಬೆರಳು ನಿಂತಿತು. "ಪಾಲಕ್ಕಾಡ್ ಕಡೆಯ ಒಂದು ಲೈನು, ಮಣ್ಣಾರ್ಕಾಡೂ ಅದೇ ಜಿಲ್ಲೆ. ಬೆಳಿಗ್ಗೆ ಏಳೂ ಹತ್ತಕ್ಕೆ. ಮೂರು ಸಲ ತೆರೆದಿದ್ದಾರೆ. ಅವನೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ."

"ಅಳಿಸಿಬಿಡ್ತೀನಿ. ನಿಯಮ ಹಾಳಾಗ್ಲಿ."

"ಮೊದ್ಲು ಅವಳಿಗೆ ಹೇಳೋಣ. ಓಡಬೇಕೋ ಬೇಡವೋ ಅನ್ನೋದು ಅವಳ ಜೀವದ ಪ್ರಶ್ನೆ."

ಹಳೆ ಮಾರುಕಟ್ಟೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಮಹಡಿ ಇದೆ, ಹನ್ನೆರಡು ಯಂತ್ರ. ಜಲಜ ಕಿಟಕಿಯ ಪಕ್ಕ ಕೂತು ಕಾಲರು ಹೊಲಿಯುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳಲಿಲ್ಲ. ನಿಂತ ಕಡೆಯೇ ಹೇಳಿದೆ, ತಪ್ಪಾಯಿತು ಎಂದೆ. ಈ ವಯಸ್ಸಿನಲ್ಲಿ ಆ ಮಾತು ಬಾಯಿಗೆ ಬರುವುದೂ ಕಷ್ಟ.

ಅವಳು ಬೈಯಲಿಲ್ಲ. ಮೊದಲು ಬಾಗಿಲ ಕಡೆ ನೋಡಿದಳು. "ಎಷ್ಟು ಹೊತ್ತಿಂದ ಇದೆ?"

"ನಿನ್ನೆ ಸಂಜೆ ಆರರಿಂದ."

ಯಂತ್ರದ ಮೇಲೆ ಬಟ್ಟೆ ಮುಚ್ಚಿ, ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. "ಇದು ಮೂರನೇ ಊರು, ಚೇಟ್ಟ. ಹಿಂದಿನ ಎರಡು ಊರಲ್ಲಿ ಕಿಟಕಿಗೆ ಪರದೆ ಹೊಲ್ಕೊಳೋಷ್ಟು ದಿನಾನೂ ಇರ್ಲಿಲ್ಲ. ಇಲ್ಲಿ ಹೊಲಿದಿದ್ದೆ. ಹೂವಿಂದು."

"ಪೊಲೀಸ್ರು?"

"ಕೋರ್ಟಿನ ಕಾಗದ ಇದೆ, ಅವನು ನನ್ನ ಹತ್ರ ಬರೋ ಹಾಗಿಲ್ಲ ಅಂತ. ಕಾಗದ ಬಾಗಿಲು ಕಾಯಲ್ಲ."

"ಈಗ್ಲೇ ಹೋಗಿ ಎಲ್ಲ ಅಳಿಸ್ತೀನಿ" ಎಂದೆ. "ಕಲ್ಲಿಕೋಟೆಯವ್ರ ಕಾಲು ಹಿಡ್ಕೊಂಡಾದ್ರೂ ಅಳಿಸ್ತೀನಿ."

"ಅಳಿಸ್ಬೇಡಿ."

ಅವಳು ಕೂತಳು. ಕತ್ತರಿಯನ್ನು ಚೀಲದಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟಳು.

"ಅವನು ನೋಡಿದ್ರೆ, ಅಳಿಸಿದ ಕೂಡ್ಲೇ ನಾನು ಇಲ್ಲೇ ಇದೀನಿ ಅಂತ ಗಟ್ಟಿ ಮಾಡ್ಕೊತಾನೆ. ನೀವು ನಿನ್ನೆ ವಂದನಾರ್ಪಣೇಲಿ ಭಾಷಣ ಮಾಡಿದ್ರಲ್ಲ ಚೇಟ್ಟ, ನಿಮ್ಮಲ್ಲಿ ಏನೂ ಅಳಿಸಲ್ಲ, ತಪ್ಪಿದ್ರೆ ಕೆಳಗೆ ತಿದ್ದಿ ಬರೀತೀರಿ ಅಂತ. ತಿದ್ದಿ ಬರೀರಿ. ನಾನು ಇಲ್ಲಿಯವಳಲ್ಲ, ಮಂಗಳೂರಲ್ಲಿ ಕೆಲಸ, ದಾರೀಲಿ ಹೋಗ್ತಾ ಸಭೆಗೆ ಬಂದೆ ಅಂತ." ಸುಹರಾಳ ಕಡೆ ತಿರುಗಿದಳು. "ನೀನು ಹೇಳಿದ್ಯಲ್ಲ, ಖಾಲಿ ಮನೆಗೆ ದೀಪ. ನಂಗೂ ಒಂದು ಹಚ್ಚಿಕೊಡಿ."

ಮುಚ್ಚಿಡಬಾರದು, ಹೇಳಿಬಿಡುತ್ತೇನೆ: ನನ್ನ ಬಾಯಿಗೆ ಮೊದಲು ಬಂದದ್ದು "ಆದ್ರೆ ವರದೀಲಿ ಸುಳ್ಳು..." ಎಂಬ ಮಾತು. ಸುಹರಾ ನನ್ನನ್ನು ನೋಡಿದ ನೋಟಕ್ಕೆ ಉಳಿದರ್ಧ ನುಂಗಿಕೊಂಡೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

"ಬರೆಯೋದು ಸುಲಭ" ಎಂದೆ. "ಹಾಜರಿ ಪುಸ್ತಕ? ಅದರಲ್ಲಿ ನಿಮ್ಮ ಕೈಬರಹದಲ್ಲೇ ಹಳೆ ಮಾರುಕಟ್ಟೆ ಅಂತಿದೆ. ಯಾರು ಬೇಕಾದ್ರೂ ಬಂದು ನೋಡಬಹುದು ಅಂತ ನಾನೇ ವಿಳಾಸ ಕೊಟ್ಟು ಕೂತಿದ್ದೀನಿ."

"ಪುಸ್ತಕ ಹೊಲಿದೋರು ಯಾರು?" ಎಂದಳು ಸುಹರಾ.

ಆ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಪುಸ್ತಕದ ಬೆನ್ನು ಬಿಚ್ಚಿದೆ. ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಸಡಿಲವಾಗುತ್ತದೆ, ಬುಡದಲ್ಲಿ ಎಳೆ ನಿಲ್ಲುತ್ತದೆ, ತಿಳಿದವನ ಬೆರಳು ಮುಟ್ಟಿದ ಕೂಡಲೇ ಕಂಡುಹಿಡಿಯುತ್ತದೆ. ಅದಕ್ಕೆ ಜೋಡಿ ಹಾಳೆಯನ್ನೇ ತೆಗೆದೆ. ಅದೃಷ್ಟಕ್ಕೆ ಅದರ ಇನ್ನೊಂದು ಮಗ್ಗುಲು ಇನ್ನೂ ಖಾಲಿಯಿತ್ತು. ಅದರ ಬದಲಿಗೆ ಹೊಸದೊಂದು ಮಾಡಿದೆ: ಅದೇ ಕಾಗದ, ಅದೇ ಗೆರೆ, ಅದೇ ಪುಟಸಂಖ್ಯೆಯ ಅಚ್ಚು. ಆಮೇಲೆ ಆ ಹಾಳೆಯನ್ನು ಒಂದು ಹಲಗೆಗೆ ಸಿಕ್ಕಿಸಿಕೊಂಡು ಸುಹರಾಳ ಸ್ಕೂಟರಿನ ಹಿಂದೆ ಕೂತು, ಮುಂಡು ಮಡಚಿ ಕಟ್ಟಿ, ಮನೆಮನೆಗೆ ಹೋದೆ. ಅಲುಗಾಡಬೇಡಿ ಚೇಟ್ಟ ಎಂದು ಅವಳು ಬೈಯುವುದು, ನಿಧಾನ ಹೋಗೇ ಎಂದು ನಾನು ಬೈಯುವುದು.

"ಹಾಜರಿ ಮೇಲೆ ಚಹಾ ಚೆಲ್ಲಿತು, ಇನ್ನೊಮ್ಮೆ ಸಹಿ ಹಾಕು" ಎಂದೆ ಎಲ್ಲರಿಗೂ.

ಯಾರೂ ನಂಬಲಿಲ್ಲ. ಇಟ್ಟೂಪ್ ಹಾಜರಿ ಪುಸ್ತಕದ ಹತ್ತಿರ ಲೋಟ ಇಡಲು ಬಿಡುವವನೇ ಅಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ತಂತ್ರಾಂಶದ ಬಗ್ಗೆ ಅರ್ಧ ಗಂಟೆ ಕಚ್ಚಾಡುವ ಅದೇ ಜನ, ಹಾಳೆ ನೋಡಿ, ನನ್ನ ಮುಖ ನೋಡಿ, ತಮ್ಮ ಜಾಗದಲ್ಲಿ ತಮ್ಮ ಹೆಸರು ಬರೆದು ಕೊಟ್ಟರು. ನಾಲ್ಕು ಗಂಟೆಗೆ ಮತ್ತೆ ಹೊಲಿಗೆ ಮಹಡಿಗೆ ಹೋದೆವು. ಜಲಜ ಪೆನ್ನು ಸಿಕ್ಕಿಸಿಕೊಂಡು ನಿಧಾನಕ್ಕೆ ಬರೆದಳು: ಈಗಿರುವ ಜಾಗ, ಮಂಗಳೂರು. ಈ ಸಲ ನಾನು ದೂರ ನಿಂತಿದ್ದೆ.

ಅಂಗಡಿಗೆ ಬಂದು ಹಾಳೆಯನ್ನು ಹಳೆಯ ತೂತುಗಳಿಗೇ ಸೇರಿಸಿ ಬೆನ್ನು ಹೊಲಿದೆ. ಉಳಿದದ್ದು ಅಧ್ಯಕ್ಷರ ಸಹಿ. ಮಾಷ್ ತಿದ್ದುಪಡಿಯನ್ನು ಎರಡು ಸಲ ಓದಿದರು: 'ಜಲಜ ಅವರು ಈಗ ಕುನ್ನಂಕುಳಂನಲ್ಲಿದ್ದಾರೆ ಎಂದು ಬರೆದದ್ದು ಕಾರ್ಯದರ್ಶಿಯ ತಪ್ಪು. ಅವರು ಮಂಗಳೂರಿನಲ್ಲಿದ್ದಾರೆ, ಅಂದು ಪ್ರಯಾಣದ ನಡುವೆ ಸಭೆಗೆ ಬಂದು, ಸಂಜೆಯೇ ತ್ರಿಶೂರಿನಿಂದ ರೈಲು ಹತ್ತಿದರು.' ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ. ನಿಯಮ ಮಾಡಿದವರು ಅವರು, ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಮೂವತ್ತೊಂದು ವರ್ಷ ಗಣಿತ ಹೇಳಿದೆ ಕಣೋ" ಎಂದರು ಮಾಷ್. "ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಡ್ತಿರೋದು ಇದೇ ಮೊದಲು. ಪೆನ್ನು ಕೊಡು."

ಐದೂವರೆಗೆ ತಿದ್ದುಪಡಿ ಪುಟಕ್ಕೆ ಏರಿತು. ಕಲ್ಲಿಕೋಟೆಯವರು, ಕೊಚ್ಚಿಯವರು ಅದನ್ನೂ ತಾವಾಗಿಯೇ ನಕಲು ಮಾಡಿಕೊಂಡರು. ಯಾರ ಕಾಲೂ ಹಿಡಿಯಬೇಕಾಗಲಿಲ್ಲ.

ಬುಧವಾರ ಹನ್ನೊಂದರ ಹೊತ್ತಿಗೆ ಅವನು ಬಂದ.

ನಾನು ಯಾವ ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆನೋ ಕಾಣೆ. ಬಂದವನು ಇಸ್ತ್ರಿ ಅಂಗಿಯ, ಮೆತ್ತನೆ ದನಿಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಕೈಯಲ್ಲಿ ನಮ್ಮ ಫೋಟೋದ ಪ್ರತಿ. ಮಾಷ್ ಅವರ ಭುಜದ ಹಿಂದಿನ ಅರ್ಧ ಮುಖಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದ್ದ.

"ಇವಳು ನನ್ನ ಹೆಂಡ್ತಿ, ಚೇಟ್ಟ. ತಲೆ ಸರಿ ಇಲ್ಲ, ಮಾತ್ರೆ ಬಿಟ್ಟು ಮನೆಯಿಂದ ಹೊರಟು ಬಂದಿದ್ದಾಳೆ. ಅಮ್ಮ ಮೂರು ಹೊತ್ತೂ ಅಳ್ತಾರೆ." ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. "ಮೊದ್ಲು ಈಗ ಕುನ್ನಂಕುಳಂ ಅಂತಿತ್ತು. ಆಮೇಲೆ ಮಂಗಳೂರು ಅಂತಾಯ್ತು. ನಾನೂ ಅದೇ ಕಸುಬಿನವನು, ಕಂಪ್ಯೂಟರಲ್ಲಿ ಯಾರು ಏನು ಬೇಕಾದ್ರೂ ತಿದ್ದಬಹುದು. ಕಾಗದದ ಪುಸ್ತಕ ಇದೆ ಅಂತ ಬರೆದಿದ್ದೀರಲ್ಲ. ಅದನ್ನ ತೋರಿಸಿ."

ಕಪಾಟಿನಿಂದ ಪುಸ್ತಕ ತೆಗೆದು ಅವನ ಮುಂದಿಟ್ಟೆ. ಅವನು ಹಾಳೆ ತಿರುಗಿಸಿ ಆ ಸಾಲು ಕಂಡುಹಿಡಿದ. ಅವಳ ಅಕ್ಷರ ಅವನಿಗೆ ಗುರುತು ಸಿಕ್ಕಿತು, ಮುಖದಲ್ಲೇ ಕಂಡಿತು. ಆಮೇಲೆ ಪುಸ್ತಕವನ್ನು ಬೆಳಕಿಗೆ ಹಿಡಿದ. ಅದರ ಬೆನ್ನು ಬಗ್ಗಿಸಿದ. ಬುಡಕ್ಕೆ ಉಗುರು ಹಾಕಿ ಕೆಳಗಿನಿಂದ ಮೇಲೆ ಎಳೆದ.

"ಈ ಹಾಳೆ ಆಮೇಲೆ ಸೇರಿಸಿದ್ದಲ್ಲ ತಾನೇ?"

ಆಗ ನನಗೆ ಸಿಟ್ಟು ಬಂತು. ನಾಟಕವಲ್ಲ, ನಿಜವಾದ ಸಿಟ್ಟು, ನಾನು ಹೊಲಿದ ಪುಸ್ತಕದ ಮೇಲೆ ಅವನು ಉಗುರು ಹಾಕಿದ್ದಕ್ಕೆ. "ಏಯ್! ಕೈ ತೆಗಿ!" ಎಂದು ಕಿರುಚಿದೆ. "ಇಪ್ಪತ್ತೊಂದು ವರ್ಷದ ಪುಸ್ತಕ ಇದು. ಇಟ್ಟೂಪ್ ಸುಳ್ಳು ಬರೀತಾನೆ ಅಂತ ಈ ಪೇಟೇಲಿ ಒಬ್ಬ ಹೇಳಲಿ ನೋಡೋಣ. ಹೋಗಿ ಕೇಳು! ಎದುರಿನ ಅಂಗಡೀಲಿ ಕೇಳು, ಇಗರ್ಜೀಲಿ ಕೇಳು! ಬಂದಳು, ಕೂತಳು, ಚಹಾ ಕುಡಿದಳು, ಹೋದಳು. ಬರೆಯುವಾಗ ನನ್ನ ಕಣ್ಣು ತಪ್ಪಿತು, ತಿದ್ದಿದ್ದೀನಿ. ತಿದ್ದೋನು ಸುಳ್ಳನಾ?"

ಎದುರಿನ ಅಂಗಡಿಯ ಪೌಲೋಸ್ ಗಲಾಟೆಗೆ ಎದ್ದು ಬಂದ. "ಏನಾಯ್ತು? ಇಟ್ಟೂಪನ ವರದೀಲಿ ತಪ್ಪು ಹಿಡೀತಿದ್ದಾನಾ? ಯಾರಪ್ಪ ನೀನು, ನಾವು ಕೂಟದವ್ರೇ ಇಷ್ಟು ವರ್ಷ ಹುಡುಕಿ ಸೋತಿದ್ದೀವಿ" ಎಂದು ನಕ್ಕ. ಎರಡು ದಿನದ ಹಿಂದೆ ಆ ಹಾಳೆಗೆ ಎರಡನೇ ಸಲ ಸಹಿ ಹಾಕಿದವನು ಅವನು. ಕಣ್ಣಲ್ಲಿ ಒಂದು ಸುಳಿವೂ ಇರಲಿಲ್ಲ.

ಬಂದವನು ಫೋಟೋ ಮಡಚಿ ಜೇಬಿಗಿಟ್ಟುಕೊಂಡ. ಮಂಗಳೂರಿಗೆ ತ್ರಿಶೂರಿನಿಂದ ರೈಲು ಎಷ್ಟು ಹೊತ್ತಿಗೆ ಎಂದು ಪೌಲೋಸನನ್ನೇ ಕೇಳಿದ. ಹೊರಡುವಾಗ ನನ್ನ ಅಂಗಡಿಯ ಬಾಗಿಲನ್ನು ತಾನೇ ಎಳೆದು, ಅಂಚಿಗೆ ಅಂಗೈ ಇಟ್ಟು, ಸದ್ದಾಗದಂತೆ ಮೆಲ್ಲಗೆ ಹಾಕಿದ. ನಾನು ಸ್ಟೂಲಿನ ಮೇಲೆ ಕೂತು ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದೆ. ಮಾತ್ರೆಯ ಪಟ್ಟಿ ಮೇಜಿನ ಮೇಲೇ ಬಿಟ್ಟು ಹೋಗಿದ್ದ. ತಿರುಗಿಸಿ ನೋಡಿದರೆ ನೆಗಡಿಯ ಮಾತ್ರೆ.

ಅವನು ರೈಲು ಹತ್ತಿದ್ದನ್ನು ಸುಹರಾಳ ಕಚೇರಿಯ ಒಬ್ಬ ತ್ರಿಶೂರಿನಲ್ಲಿ ನಿಂತು ನೋಡಿ ಫೋನ್ ಮಾಡಿದ. ಮುಂದೇನು, ಮತ್ತೆ ಬರುತ್ತಾನೋ ಇಲ್ಲವೋ, ಯಾರಿಗೆ ಗೊತ್ತು. ಹಳೆ ಮಾರುಕಟ್ಟೆಯ ದಾರಿಯಲ್ಲಿ ಹೋಗುವಾಗ ನಾನು ಈಗಲೂ ತಲೆ ಎತ್ತಿ ನೋಡುತ್ತೇನೆ. ಕಿಟಕಿಗೆ ಹೂವಿನ ಪರದೆ ಇದೆ.

ಡಿಸೆಂಬರಿನ ಸಭೆಯ ಮೊದಲ ಹತ್ತು ನಿಮಿಷದಲ್ಲೇ ಮಾಷ್ ಹೊಸ ನಿಯಮ ಮಂಡಿಸಿದರು: ಹೆಸರು ಬರೆಯುವುದು, ಫೋಟೋಗೆ ನಿಲ್ಲುವುದು ಅವರವರ ಇಷ್ಟ. ಯಾರೂ ವಿರೋಧಿಸಲಿಲ್ಲ, ಅದೇ ಒಂದು ದಾಖಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಎಂದು ಸುಹರಾ ನನ್ನ ಕಿವಿಯಲ್ಲಿ ಹೇಳಿದಳು. ಹಾಕಿದೆವಲ್ಲ ಎಂದೆ.

ಅಧ್ಯಕ್ಷ ಭಾಷಣದ ನಡುವೆ ಜಲಜ ಬಂದು ಕೊನೆಯ ಬೆಂಚಿನ ತುದಿಗೆ ಕೂತಳು. ನಾನು ಹಾಜರಿ ಪುಸ್ತಕ ಹಿಡಿದು ಆ ಸಾಲಿಗೆ ಬಂದೆ. ಅವಳು ಅಭ್ಯಾಸಬಲದಿಂದ ಕೈ ಚಾಚಿದಳು. ಪುಸ್ತಕವನ್ನು ಅವಳ ಮುಂದಿನಿಂದಲೇ ದಾಟಿಸಿ ಪಕ್ಕದವರಿಗೆ ಕೊಟ್ಟೆ. ಅವಳು ಚಾಚಿದ ಕೈಗೆ ಚಹಾದ ಲೋಟ ಇಟ್ಟೆ.

ಸಂಜೆ ವರದಿ ಬರೆಯುವಾಗ ಸುಹರಾ ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದಳು. "ಚೇಟ್ಟ, ಹಾಜರಿ ಇಪ್ಪತ್ತೇಳು ಅಂತ ಬರೆದಿದ್ದೀರಿ, ಚಹಾ ಇಪ್ಪತ್ತೆಂಟು ಅಂತಿದೆ. ಇಷ್ಟು ಸಾಕು, ತಿಳಿದೋರು ಹಿಡೀತಾರೆ."

ಹುಡುಗಿಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು, ಅರ್ಧ ಲೋಟಕ್ಕಿಂತ ಹೆಚ್ಚು ಕುಡಿದದ್ದನ್ನು ಕೂಟದಲ್ಲಿ ಯಾರೂ ಕಂಡಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಕಾರ್ಯದರ್ಶಿ ಎರಡು ಲೋಟ ಕುಡಿದರು.'